ನಂಜಪ್ಪ ತೆಗೆದಿಡುತ್ತಿದ್ದ ಮ್ಯಾಟು

ನಂಜಪ್ಪ ಯಾರ ಕಾರಿನೊಳಗೂ ಚಪ್ಪಲಿ ಹಾಕಿಕೊಂಡು ಕೂತವರಲ್ಲ. ರಿಪೇರಿಗೆ ಬಂದ ಗಾಡಿ ಯಾರದೇ ಇರಲಿ, ಮೊದಲು ಚಪ್ಪಲಿ ಬಿಟ್ಟು, ಅಂಗಾಲನ್ನು ಗೋಣಿಚೀಲಕ್ಕೆ ಒರೆಸಿಕೊಂಡು, ಡ್ರೈವರ್ ಸೀಟಿನ ಮುಂದಿನ ಮ್ಯಾಟನ್ನು ಎತ್ತಿ ಎರಡು ಸಲ ಕೊಡವಿ, ಸುರುಳಿ ಸುತ್ತಿ ನೀರಿನ ಡ್ರಮ್ಮಿನ ಮೇಲೆ ಇಡುತ್ತಿದ್ದರು. ಬಾನೆಟ್ ಎತ್ತುವುದು ಆಮೇಲೆ. ಕೆಲಸ ಮುಗಿದು, ಗಾಡಿಯನ್ನು ಶೆಡ್ಡಿನ ಹೊರಗೆ ತಂದು ನಿಲ್ಲಿಸಿ, ಎಂಜಿನ್ ಆರಿಸಿದ ಮೇಲಷ್ಟೇ ಮ್ಯಾಟು ತನ್ನ ಜಾಗಕ್ಕೆ ಮರಳುತ್ತಿತ್ತು.

"ನಮ್ದು ಗ್ರೀಸ್ ಕಾಲು ಮೇಡಂ. ಹಿಂಗೇ ನಿಮ್ಮನೆ ನಡುಮನೆಗೆ ಬಂದ್ಬಿಟ್ರೆ ಸುಮ್ನಿರ್ತೀರಾ?" ಎನ್ನುತ್ತಿದ್ದರು.

ಶೆಡ್ಡು ಇದ್ದದ್ದು ತುಮಕೂರಿನ ಬಟವಾಡಿಯಲ್ಲಿ, ನಮ್ಮ ಬಾಡಿಗೆ ಮನೆಯಿಂದ ಎರಡು ರಸ್ತೆ ಆಚೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಗುಬ್ಬಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದೆ. ದಿನಾ ಅಪ್ಪನ ಹಳೆಯ ಬಿಳಿ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ನಂಜಪ್ಪನವರಿಗೆ ಆಗ ಐವತ್ತು ದಾಟಿತ್ತೆಂದು ನನ್ನ ನೆನಪು. ಆದರೆ ಮೂವತ್ತರ ಹರೆಯದವರಿಗೆ ಎಲ್ಲ ಮೆಕ್ಯಾನಿಕ್ಕರೂ ಐವತ್ತು ದಾಟಿದವರಂತೆಯೇ ಕಾಣುತ್ತಾರೇನೋ. ಹಣೆಯ ಮೇಲಿನ ವಿಭೂತಿ ಮಾತ್ರ ಖಚಿತವಾಗಿ ನೆನಪಿದೆ. ಬೆವರಿಗೆ ಅದು ಮಧ್ಯಾಹ್ನದ ಹೊತ್ತಿಗೆ ಹುಬ್ಬಿನವರೆಗೆ ಇಳಿದಿರುತ್ತಿತ್ತು. ಅಂಗಿಯ ಜೇಬಿನಲ್ಲಿ ಒಂದು ವಿಭೂತಿ ಗಟ್ಟಿ ಇರುತ್ತಿತ್ತು. ತಾವೇ ಪರೀಕ್ಷಿಸಿ ಒಪ್ಪಿದ ಸಾಮಾನಿನ ಮೇಲೆ ಅದರಿಂದ ಮೂರು ಗೆರೆ ಎಳೆಯುತ್ತಿದ್ದರು. "ಇದನ್ನ ಇಟ್ಮೇಲೆ ಸುಳ್ ಹೇಳಕ್ಕಾಗಲ್ಲ" ಎಂಬುದು ಅವರ ಗ್ಯಾರಂಟಿ ಪತ್ರ.

ಅವಸರ ಅವರಿಗೆ ಗೊತ್ತಿರಲಿಲ್ಲ. ಒಮ್ಮೆ ಆಟೊ ಡ್ರೈವರ್ ಒಬ್ಬ, "ಏನ್ ನಂಜಪ್ಪಣ್ಣ, ಬೆಳಗ್ಗಿಂದ ಕಾಯ್ತಾ ಇದೀನಿ, ಇನ್ನೂ ಆಗ್ಲಿಲ್ವಾ?" ಎಂದು ರೇಗಿದ.

"ಕೂತ್ಕಳಲಾ. ನಿಂಗೆ ಹೆಣ್ ಹುಡುಕಕ್ಕೆ ನಿಮ್ಮಪ್ಪ ಐದ್ ವರ್ಷ ತಿರುಗ್ದ. ಅವಾಗ ಯಾರ್ನ ಬೈದೆ?"

ಆಟೊದವನೇ ಮೊದಲು ನಕ್ಕ.

ನಮ್ಮ ಕಾರಿನ ಎಂಜಿನ್ ಹಾಳಾದದ್ದು ನನ್ನಿಂದ. ಕುಣಿಗಲ್ಲಿನ ಅಣ್ಣನ ಮನೆಯಿಂದ ಬರುವಾಗ ರೇಡಿಯೇಟರಿನಲ್ಲಿ ನೀರಿದೆಯೇ ಎಂದು ನೋಡಲಿಲ್ಲ. ಬಿಸಿಯ ಮುಳ್ಳು ಮೇಲೇರಿದ್ದನ್ನು ಕಂಡೂ ಇನ್ನೇನು ಊರು ಬಂತಲ್ಲ ಎಂದು ಓಡಿಸಿದೆ. ಎಂಜಿನ್ ಜಾಮ್ ಆಗಿ ನಿಂತಿತು. ಮುಳ್ಳು ನೋಡಲಿಲ್ಲವೇ ಎಂದು ನಂಜಪ್ಪ ಒಮ್ಮೆಯೂ ಕೇಳಲಿಲ್ಲ. ಬೆಂಗಳೂರಿಗೆ ಹೋಗಿ, ಗುಜರಿ ಅಂಗಡಿಗಳಲ್ಲಿ ಎರಡು ದಿನ ಹುಡುಕಿ, ಅದೇ ಜಾತಿಯ ಇನ್ನೊಂದು ಕಾರಿನ ಎಂಜಿನ್ ಆರಿಸಿ ತಂದರು. ಇಳಿಸಿಕೊಂಡ ಕೂಡಲೇ ಅದರ ಮೇಲೆ ಮೂರು ಗೆರೆ ಎಳೆದರು.

ಹೊಸ ಎಂಜಿನ್ ಕೂತ ಮೇಲೆ ಕಾರು ಚೆನ್ನಾಗಿಯೇ ಓಡಿತು. ನಿಂತಾಗ ಮಾತ್ರ ಅದಕ್ಕೆ ಸಮಾಧಾನವಿಲ್ಲ. ಗೇರ್ ಬಿಡಿಸಿ, ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ ಇಳಿಯದೆ, ಯಾರೋ ತುಳಿದು ಹಿಡಿದ ಹಾಗೆ ಭೋರ್ ಎನ್ನುತ್ತಿತ್ತು. ಸಿಗ್ನಲಿನಲ್ಲಿ ಪಕ್ಕದ ಸ್ಕೂಟರಿನವರು ತಿರುಗಿ ನೋಡುತ್ತಿದ್ದರು.

ಶೆಡ್ಡಿಗೆ ತೆಗೆದುಕೊಂಡು ಹೋದೆ. ನಂಜಪ್ಪ ಮ್ಯಾಟು ತೆಗೆದಿಟ್ಟು, ಕೂತು, ಸ್ಟಾರ್ಟ್ ಮಾಡಿದರು. ಎಂಜಿನ್ ಮಲಗಿದ ಮಗುವಿನ ಹಾಗೆ ಉಸಿರಾಡಿತು.

"ಎಲ್ ಮೇಡಂ? ಸರಿಯಾಗೇ ಐತಲ್ಲ."

ಆದರೂ ಚೋಕ್ ವೈರ್ ನೋಡಿದರು. ಕಾರ್ಬ್ಯುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರು. ಮಾರನೆಯ ದಿನ ಗುಬ್ಬಿಯ ದಾರಿಯಲ್ಲಿ ಮತ್ತೆ ಭೋರ್. ಎರಡನೆಯ ಸಲ ಕಾರ್ಬ್ಯುರೇಟರ್ ಕೂರುವ ಜಾಗದ ಸುತ್ತ ಸೋಪಿನ ನೀರು ಹಾಕಿ, ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ಎಂದು ಕಣ್ಣಿಟ್ಟು ಕೂತರು. ಇಲ್ಲ. ಆದರೂ ಗ್ಯಾಸ್ಕೆಟ್ ಬದಲಿಸಿದರು. ಶೆಡ್ಡಿನಲ್ಲಿ ಮೌನ, ರಸ್ತೆಯಲ್ಲಿ ಗಲಾಟೆ. ಹೀಗೆ ಎರಡು ವಾರ ಹೋಯಿತು.

ಕುಣಿಗಲ್ಲಿನ ಅಣ್ಣ ಫೋನಿನಲ್ಲಿ, "ಯಾವ್ದೋ ಬಿದ್ದೋಗಿರೋ ಎಂಜಿನ್ ತಂದು ನಿನ್ ತಲೆಗ್ ಕಟ್ಟವ್ನೆ ಕಣೇ" ಎಂದ. ಅದನ್ನು ನಾನು ನಂಜಪ್ಪನವರಿಗೆ ಹೇಳಿಬಿಟ್ಟೆ. "ಎಂಜಿನ್ನೇ ಸರಿಯಿಲ್ಲವೇನೋ ಅಂತ ನಮ್ಮಣ್ಣ ಅಂತಾನೆ" ಎಂದೆ. ಬಹಳ ವರ್ಷ ನಾನು ಇದನ್ನು ಅಣ್ಣನ ಮಾತೆಂದೇ ನೆನಪಿಟ್ಟುಕೊಂಡಿದ್ದೆ. ಈಚೆಗೆ ಆ ವರ್ಷದ ಡೈರಿ ತೆಗೆದು ನೋಡಿದರೆ, ಅಣ್ಣ ಫೋನು ಮಾಡುವುದಕ್ಕೂ ಮೂರು ದಿನ ಮೊದಲು ನನ್ನದೇ ಅಕ್ಷರದಲ್ಲಿ ಹೀಗಿದೆ: "ನಂಜಪ್ಪ ನನಗೆ ಮೋಸ ಮಾಡಿದರೇ?"

ಆವತ್ತು ನನ್ನ ಮಾತು ಕೇಳಿ ನಂಜಪ್ಪ ಸ್ಪ್ಯಾನರ್ ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ. ಜೇಬಿನ ವಿಭೂತಿ ಗಟ್ಟಿಯನ್ನೊಮ್ಮೆ ಮುಟ್ಟಿಕೊಂಡು, "ನಾಳೆ ನಿಮ್ ಜೊತೆ ಗುಬ್ಬಿಗೆ ಬರ್ತೀನಿ. ನೀವೇ ಓಡ್ಸಿ. ಎಂಜಿನ್ ತಪ್ಪು ಅಂತಾದ್ರೆ ಇನ್ಮೇಲೆ ಎಂಜಿನ್ ಕೆಲಸ ಮುಟ್ಟಲ್ಲ. ಪಂಚರ್ ಹಾಕ್ಕೊಂಡಿರ್ತೀನಿ" ಎಂದರು. ಅದು ಬೆದರಿಕೆಯಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದ್ದನ್ನು ಮಾಡುವವರೇ.

ಮರುದಿನ ಬೆಳಿಗ್ಗೆ ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತರು. ಗುಬ್ಬಿಯ ರೈಲ್ವೆ ಗೇಟು ಹಾಕಿತ್ತು. ಗೇರ್ ಬಿಡಿಸಿದೆ. ಎಂಜಿನ್ ಭೋರಿಟ್ಟಿತು.

"ಕಾಲ್ ತೆಗೀರಿ ಮೇಡಂ."

"ತೆಗೆದಿದೀನಿ."

"ಪೂರ್ತಿ ತೆಗೀರಿ. ಸೀಟ್ ಮ್ಯಾಲೇ ಎತ್ಕಳಿ."

ಸೀರೆ ಸರಿಮಾಡಿಕೊಂಡು ಎರಡೂ ಕಾಲನ್ನು ಮೇಲೆತ್ತಿಕೊಂಡೆ. ಅವರು ನನ್ನ ಕಡೆಗೆ ಬಾಗಿ ಪೆಡಲುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ ಮ್ಯಾಟನ್ನು ಹಿಂದಕ್ಕೆ ಎಳೆದರು. ಸದ್ದು ತಟ್ಟನೆ ಇಳಿಯಿತು. ಮ್ಯಾಟನ್ನು ಮುಂದಕ್ಕೆ ತಳ್ಳಿದರು; ಭೋರ್. ಎಳೆದರು, ಮೌನ.

ಅದು ಚೇಳೂರಿನಿಂದ ಅತ್ತೆ ತಂದುಕೊಟ್ಟಿದ್ದ ತೆಂಗಿನ ನಾರಿನ ಮ್ಯಾಟು, ದಪ್ಪನೆಯದು. ಅದರ ಅಂಚು ಸರಿದು ಬಂದು ಆಕ್ಸಿಲರೇಟರ್ ಪೆಡಲಿನ ಮೇಲೆ ಒರಗಿತ್ತು. ವರ್ಷಗಳಿಂದಲೂ ಹಾಗೇ ಒರಗುತ್ತಿತ್ತು. ಆದರೆ ಹಳೆಯ ಎಂಜಿನ್ ಇದ್ದಾಗ ಪೆಡಲು ಅರ್ಧ ಬೆರಳು ಇಳಿದ ಮೇಲಷ್ಟೇ ಅದರಿಂದ ಎಂಜಿನ್ನಿಗೆ ಹೋಗುವ ವೈರು ಬಿಗಿಯುತ್ತಿತ್ತು. ಹೊಸ ಎಂಜಿನ್ ಬೆರಳಷ್ಟು ಮುಂದೆ ಕೂತು, ವೈರಿನ ಆ ಸಡಿಲು ಹೋಗಿತ್ತು. ಈಗ ಮ್ಯಾಟಿನ ಭಾರವೇ ಸಾಕು. ಶೆಡ್ಡಿನಲ್ಲಿ ನಂಜಪ್ಪ ಎಷ್ಟು ಸಲ ಸ್ಟಾರ್ಟ್ ಮಾಡಿದ್ದರೋ, ಅಷ್ಟು ಸಲವೂ ಮ್ಯಾಟು ಡ್ರಮ್ಮಿನ ಮೇಲಿತ್ತು.

ಗೇಟು ತೆರೆಯಿತು. ಹಿಂದಿನ ಲಾರಿ ಹಾರನ್ ಹೊಡೆಯಿತು. ಕಾಲಿಳಿಸಿ ಗಾಡಿ ಮುಂದೆ ಬಿಟ್ಟೆ.

ಆಗ ನಾನು ಕ್ಷಮೆ ಕೇಳಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಅದರ ಮಾತುಗಳೂ ನೆನಪಿದ್ದವು. ಡೈರಿಯಲ್ಲಿ ಇರುವುದು ಇಷ್ಟು: "ಮ್ಯಾಟು. ನಂಜಪ್ಪ ವೈರು ಸಡಿಲಿಸಿ ಬಸ್ಸಿನಲ್ಲಿ ವಾಪಸು. ಮೊದಲ ಪೀರಿಯಡ್ ತಪ್ಪಿತು." ಪೀರಿಯಡ್ ತಪ್ಪಿದ್ದನ್ನು ಬರೆದವಳು ಕ್ಷಮೆ ಕೇಳಿದ್ದರೆ ಬರೆಯುತ್ತಿರಲಿಲ್ಲವೇ?

ಕೆಲವು ವರ್ಷಗಳಲ್ಲಿ ರಸ್ತೆ ಅಗಲವಾಗಿ ಶೆಡ್ಡು ಹೋಯಿತು. ಅವರು ಗುಬ್ಬಿಯ ಮಗಳ ಮನೆ ಸೇರಿದರೆಂದು ಕೇಳಿದೆ. ನಾನೂ ಕಾರು ಬದಲಿಸಿದೆ. ಒಂದು ಸಂಜೆ ಬಟವಾಡಿಯ ಬಸ್‌ಸ್ಟಾಪಿನಲ್ಲಿ ಅವರು ನಿಂತಿದ್ದನ್ನು ಕಂಡು, ಗುಬ್ಬಿಯವರೆಗೂ ಬಿಡುತ್ತೇನೆಂದು ಹತ್ತಿಸಿಕೊಂಡೆ. ಹತ್ತುವ ಮೊದಲು ಅದೇ ರೀತಿ ಚಪ್ಪಲಿ ಬಿಚ್ಚಿ ಕವರಿಗೆ ಹಾಕಿಕೊಂಡರು. ಕೂದಲು ಪೂರ್ತಿ ಬಿಳಿಯಾಗಿತ್ತು.

ಈ ಸಲವಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಅವರೇ ಮೊದಲು ಶುರುಮಾಡಿದರು.

"ಆ ನಾರಿನ ಮ್ಯಾಟ್ ನೆಪ್ಪೈತಾ ಮೇಡಂ? ನಾನು ತೆಗ್ದಿಡ್ದೆ ಇದ್ದಿದ್ರೆ ಮೊದಲನೇ ದಿನಾನೇ ಸಿಕ್ತಿತ್ತು. ಎಂಜಿನ್ ಎಲ್ಲಾ ನೋಡ್ದೆ, ಕಾಲ್ ಕೆಳಗ್ ನೋಡ್ಲಿಲ್ಲ. ನಿಮ್ಗೆ ಎರಡು ವಾರ ತೊಂದ್ರೆ ಕೊಟ್ಟೆ. ನಂದೇ ತಪ್ಪು. ಹೇಳ್ಬೇಕು ಅಂತಾನೇ ಇದ್ದೆ."

"ಅಯ್ಯೋ ಬಿಡಿ ನಂಜಪ್ಪನವರೇ" ಎಂದೆ. ಅಷ್ಟೇ ಅಂದದ್ದು. ಅವರನ್ನು ಕ್ಷಮಿಸಿದ ಹಾಗೆ ಅಂದೆ. ಇದನ್ನು ಡೈರಿ ನೋಡದೆಯೇ ಖಚಿತವಾಗಿ ಹೇಳಬಲ್ಲೆ.

ಗುಬ್ಬಿಯಲ್ಲಿ ಇಳಿದವರು ಬಾಗಿ, ತಾವು ಕಾಲಿಟ್ಟಿದ್ದ ಮ್ಯಾಟನ್ನು ಕೈಯಿಂದ ನೇರ ಮಾಡಿ, ಬಾಗಿಲನ್ನು ಮೆತ್ತಗೆ ಹಾಕಿದರು. ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟುವಾಗ ಹನ್ನೊಂದನೆಯ ದಿನದ ಕಾರ್ಯವೂ ಮುಗಿದಿತ್ತು.