ಮಾಲೆ ಹಾಕಿದ ತಾತನ ಮನೆಯಲ್ಲಿ ಕ್ರಿಸ್‌ಮಸ್

ಆ ಡಿಸೆಂಬರಿನಲ್ಲಿ ನನ್ನ ಮಗ ಕುರಿಯಾಗಿದ್ದ. ದಿಂಡಿಗಲ್ಲಿನ ಅವನ ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಎಲ್‌ಕೆಜಿ ಮಕ್ಕಳಿಗೆಲ್ಲ ಕುರಿಯ ಪಾತ್ರ. ಬನಿಯನ್ನಿಗೆ ಹತ್ತಿ ಅಂಟಿಸಿ, ಜೋಲುವ ಕಿವಿಗಳ ಟೋಪಿಯೊಂದನ್ನು ಹೊಲಿದುಕೊಟ್ಟಿದ್ದೆ. ನಾಟಕ ಮುಗಿಯಿತು, ರಜೆಯೂ ಬಂತು, ಇವನು ಮಾತ್ರ ಕುರಿತನ ಬಿಡಲಿಲ್ಲ. ಊಟಕ್ಕೆ ಕರೆದರೆ "ಮ್ಮೇ" ಅನ್ನುವನು. ಬೇಡ ಅನ್ನುವುದಕ್ಕೂ "ಮ್ಮೇ". ಸ್ನಾನವಾದ ಕೂಡಲೇ ಒದ್ದೆ ಮೈಗೇ ಆ ಬನಿಯನ್ ಹಾಕಬೇಕು. ಎರಡನೇ ಕ್ಲಾಸಿನ ಅವನ ಅಕ್ಕ ಅದೇ ನಾಟಕದಲ್ಲಿ ದೇವದೂತೆ. ಅವಳು ರೆಕ್ಕೆ ಬಿಚ್ಚಿಟ್ಟಿದ್ದಳು, ಅಧಿಕಾರ ಬಿಚ್ಚಿಟ್ಟಿರಲಿಲ್ಲ. ಕ್ರಿಸ್‌ಮಸ್ ಹೇಗೆ ನಡೆಯಬೇಕು ಎಂಬ ವಿಷಯದಲ್ಲಿ ಮನೆಯವರೆಲ್ಲ ಅವಳ ಮಾತು ಕೇಳಬೇಕಿತ್ತು.

ನಾನು ಹನುಮಂತನಪಟ್ಟಿಯವಳು. ನಮ್ಮವರು ಎಷ್ಟೋ ತಲೆಮಾರುಗಳಿಂದ ಕಂಬಂ ಕಣಿವೆಯಲ್ಲಿ ಬತ್ತ, ದ್ರಾಕ್ಷಿ ಬೆಳೆದುಕೊಂಡು, ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಬಂದವರು. ನನ್ನ ಗಂಡನದು ದಿಂಡಿಗಲ್ಲಿನ ಕ್ರಿಶ್ಚಿಯನ್ ಕುಟುಂಬ. ಮಾವ ಬೀಗ ಮಾಡುವ ವರ್ಕ್‌ಶಾಪ್ ನಡೆಸಿ ಈಗ ಬಿಡುವಾಗಿದ್ದಾರೆ. ಮದುವೆಗೆ ಮುಂಚೆ ಎರಡೂ ಕಡೆ ನಡೆದ ಕೂಗಾಟ ಮೊದಲ ಮಗು ಹುಟ್ಟಿದ ದಿನವೇ ಮುಗಿಯಿತು. ಆಮೇಲೆ ಪೊಂಗಲ್ ನಮ್ಮೂರಿನಲ್ಲಿ, ಕ್ರಿಸ್‌ಮಸ್ ದಿಂಡಿಗಲ್ಲಿನಲ್ಲಿ ಎಂದು ಯಾರೂ ಹೇಳದೆಯೇ ಗೊತ್ತಾಗಿಹೋಯಿತು. ಕ್ರಿಸ್‌ಮಸ್‌ಗೆ ಅಪ್ಪ ಅವ್ವ ದ್ರಾಕ್ಷಿಯ ಡಬ್ಬ ಹೊತ್ತುಕೊಂಡು ಬಸ್ಸಿಳಿಯುತ್ತಿದ್ದರು.

ಆ ವರ್ಷ ಅಪ್ಪ ಜೀವಮಾನದಲ್ಲಿ ಮೊದಲ ಸಲ ಶಬರಿಮಲೆಗೆ ಮಾಲೆ ಹಾಕಿದರು. ಕಪ್ಪು ಪಂಚೆ, ಕೊರಳಲ್ಲಿ ತುಳಸಿಮಣಿ, ಕ್ಷೌರವಿಲ್ಲ, ಮಾಂಸವಿಲ್ಲ, ಮಾಂಸ ಬೇಯುವ ಮನೆಯಲ್ಲಿ ಊಟವಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಅವರ ತಂಡ ಬೆಟ್ಟಕ್ಕೆ ಹೊರಡುವುದಿತ್ತು. ಹಾಗಾಗಿ ದಿಂಡಿಗಲ್ಲಿಗೆ ಬರುವುದಿಲ್ಲ ಅಂದರು. ಫೋನಿನಲ್ಲಿ ಅದನ್ನು ಕೇಳಿ ಮಗಳು ಅತ್ತಳು. ಕುರಿಯೂ ಅತ್ತಿತು. ಅವ್ವ ಫೋನ್ ಕಸಿದುಕೊಂಡಳು.

"ಅಷ್ಟಕ್ಕ್ಯಾಕೆ ಅಳಾದು? ಅವರು ಬರಾಕಾಗ್ದಿದ್ರೆ ಹಬ್ಬಾನೇ ಇಲ್ಲಿಗೆ ತಕ್ಕೊಂಡು ಬನ್ನಿ. ಸಮ್ಮಂದಿಯರನ್ನೂ ಕರ್ಕೊಂಡು ಬನ್ನಿ." ಸಮ್ಮಂದಿಯರು ಅಂದರೆ ಬೀಗರು, ನನ್ನ ಅತ್ತೆ ಮಾವ.

"ಬಿರಿಯಾನಿ?" ಎಂದರು ಪಕ್ಕದಲ್ಲಿದ್ದ ಮಾವ. ಕ್ರಿಸ್‌ಮಸ್ ದಿನದ ಮಟನ್ ಬಿರಿಯಾನಿ ಅವರ ಕೈಯದೇ. ಅದಕ್ಕಾಗಿ ಅವರು ಜೀರಕ ಸಾಂಬಾ ಅಕ್ಕಿಯನ್ನು ತಿಂಗಳ ಮೊದಲೇ ತಂದು, ಯಾರೂ ಮುಟ್ಟದ ಹಾಗೆ ತಾವೇ ಮಾಡಿದ ಬೀಗವೊಂದನ್ನು ಬೀರುವಿಗೆ ಹಾಕಿಡುತ್ತಾರೆ.

ಅಪ್ಪ ಹೋಗಿ ಗುರುಸಾಮಿಯನ್ನು, ಅಂದರೆ ತಂಡವನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಊರಿನ ಹಿರಿಯರನ್ನು, ಕೇಳಿಕೊಂಡು ಬಂದರು. ಮರುದಿನ ನನಗೆ ಉತ್ತರ ಬಂತು. "ಹಟ್ಟಿಯೊಳಗೆ ಬೇಡ, ತೋಟದಾಗೆ ಒಲೆ ಹಾಕ್ಕೊಳ್ಳಲಿ, ನೀನು ಗಾಳಿ ನೋಡ್ಕೊಂಡು ದೂರ ಕೂತ್ಕೊ ಅಂದ್ರು." ಹಟ್ಟಿ ಅಂದರೆ ನಮ್ಮ ಮಾತಿನಲ್ಲಿ ಮನೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾವು ಹೊರಟೆವು. ಕಾರಿನ ಮೇಲೆ ಬಿರಿಯಾನಿ ಬೇಯಿಸುವ ದೊಡ್ಡ ಪಾತ್ರೆ, ದೇಗುಲೆ, ಒಳಗೆ ಕುಡಿಲ್‌ನ ಗೊಂಬೆಗಳ ಪೆಟ್ಟಿಗೆ, ಕಾಗದದ ನಕ್ಷತ್ರ, ಕೇಕು, ಅತ್ತೆ, ಮಾವ, ಮತ್ತು ದಾರಿಯುದ್ದಕ್ಕೂ ಹತ್ತಿ ಉದುರಿಸುವ ಒಂದು ಕುರಿ. ಕುಡಿಲ್ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ. ಅದಿಲ್ಲದೆ ನಮ್ಮ ಕಡೆ ಕ್ರಿಸ್‌ಮಸ್ ಇಲ್ಲ.

ಮನೆ ಮುಂದೆ ಕಾರು ನಿಂತಾಗ ಅಪ್ಪ ಬಾಗಿಲಿಗೆ ಬಂದರು. ಅವರ ಗಡ್ಡವನ್ನು ನಾನೂ ಆವತ್ತೇ ನೋಡಿದ್ದು. ಎಷ್ಟೋ ವರ್ಷ ದಿನಾ ಬೋಳಿಸಿದ್ದ ಮುಖದಲ್ಲಿ ಅಷ್ಟು ಗಡ್ಡ ಇತ್ತೆಂದು ಅವ್ವನಿಗೂ ಗೊತ್ತಿರಲಿಲ್ಲವಂತೆ. ಎದೆಯವರೆಗೆ ಇಳಿದಿರಲಿಲ್ಲ, ಆದರೆ ಹಾಲಿನಂತೆ ಬೆಳ್ಳಗೆ, ಗುಂಡಗೆ, ತುಂಬಿಕೊಂಡಿತ್ತು. ಮಗ ಕಾರಿನಿಂದ ಇಳಿದು ನೋಡಿದ. ಎಷ್ಟೋ ದಿನಗಳ ಮೇಲೆ ಮನುಷ್ಯರ ಮಾತು ಅವನ ಬಾಯಿಂದ ಬಂತು.

"ಕ್ರಿಸ್ಮಸ್ ತಾತ್ತಾ ವಂದುಟ್ಟಾರು" ಎಂದ. ಕ್ರಿಸ್‌ಮಸ್ ತಾತ ಬಂದುಬಿಟ್ಟರು.

"ನಾನು ಸಾಮಿ ಕಣಪ್ಪಾ. ನಿನ್ನ ತಾತ" ಎಂದರು ಅಪ್ಪ.

ಮಗಳು ಮುಂದೆ ಬಂದು ತಮ್ಮನಿಗೆ ತಿಳಿಹೇಳಿದಳು. ಕ್ರಿಸ್‌ಮಸ್ ತಾತ ಕೆಂಪು ಬಟ್ಟೆ ಹಾಕುತ್ತಾರೆ, ಇವರದು ಕಪ್ಪು. ಹೊಟ್ಟೆಯೂ ಇಲ್ಲ. ಆದರೆ ಕುರಿ ಕೇಳಲಿಲ್ಲ. ಅಪ್ಪನ ಕಾಲು ಹಿಡಿದುಕೊಂಡು ಮುಖವನ್ನೇ ನೋಡುತ್ತ ನಿಂತುಬಿಟ್ಟಿತು. ಏನೋ ಬೇಡುತ್ತಿದೆ ಎಂದು ಅಪ್ಪನಿಗೆ ಅರ್ಥವಾಯಿತು. ಮಾಲೆ ಹಾಕಿದಾಗಿನಿಂದ ಊರಿನ ಜನ ಅವರ ಕಾಲಿಗೆ ಬಿದ್ದು ಆಶೀರ್ವಾದ ಕೇಳುತ್ತಿದ್ದರು, ಅಭ್ಯಾಸವಾಗಿತ್ತು. "ಏನ್ ಬೇಕು ಕೇಳು ಸಾಮಿ, ಕೊಡ್ತೀನಿ" ಅಂದುಬಿಟ್ಟರು.

ನನ್ನ ಗಂಡ ಕಣ್ಣು ಮುಚ್ಚಿಕೊಂಡ. ಕುರಿಯಾಗುವ ಮೊದಲು ಎರಡು ತಿಂಗಳು ಮಗ ಬ್ಯಾಟರಿ ಜೀಪು ಬೇಕೆಂದು ಕಾಡಿದ್ದ. ವ್ರತದಲ್ಲಿರುವವರು ಕೊಟ್ಟ ಮಾತು ತಪ್ಪುವ ಹಾಗಿಲ್ಲ.

ಮಗ ಬಹಳ ಹೊತ್ತು ಯೋಚಿಸಿ ಹೇಳಿದ: "ಪುಲ್ಲು."

"ಹುಲ್ಲಾ?" ಎಂದರು ಅಪ್ಪ. ಅವರ ಮುಖದಲ್ಲಿ ಅಷ್ಟು ನಿರಾಳ ನಾನು ಎಂದೂ ಕಂಡಿರಲಿಲ್ಲ.

ಕುಡಿಲ್ ಕಟ್ಟುವ ಕೆಲಸ ಅವ್ವ ಕೈಗೆತ್ತಿಕೊಂಡಳು. ದಿಂಡಿಗಲ್ಲಿನಲ್ಲಿ ನಾವು ಅಂಗಡಿಯಿಂದ ಹಿಡಿಯಷ್ಟು ಹುಲ್ಲು ತಂದು ರಟ್ಟಿನ ಮೇಲೆ ಹರಡುತ್ತಿದ್ದೆವು. ಇಲ್ಲಿ ಅವ್ವ ಬಣವೆಯಿಂದ ಬತ್ತದ ಹುಲ್ಲು ಎಳೆದು, ನಿಜವಾದ ಗುಡಿಸಲಿನ ಹಾಗೆ ಜಗಲಿಯ ಮೂಲೆಯಲ್ಲಿ ಕಟ್ಟಿದಳು. ನೆಲ ಸಾರಿಸಿ, ಮುಂದೆ ರಂಗೋಲಿ ಹಾಕಿ, ಮಾರ್ಗಳಿ, ಅಂದರೆ ಧನುರ್ಮಾಸ, ಅಲ್ಲವೇ ಎಂದು ನಡುವೆ ಸಗಣಿ ಉಂಡೆಗೆ ಕುಂಬಳದ ಹೂವು ಸಿಕ್ಕಿಸಿದಳು. ಮಗಳು ಗೊಂಬೆಗಳನ್ನು ಒಂದೊಂದಾಗಿ ಕೊಡುತ್ತ ಕಥೆ ಹೇಳುತ್ತಿದ್ದಳು. ಅವ್ವನಿಗೆ ಕನ್ನಡದಲ್ಲಿ ಹೇಳಬೇಕೆಂಬ ಆಸೆ, ಅರ್ಧಕ್ಕೆ ತಮಿಳು.

"ಚಳಿಗಾಲದಾಗೆ ದನದ ಕೊಟ್ಟಿಗೆಯಾಗೆ ಹೆರಿಗೆಯಾ?" ಅವ್ವ ಹುಲ್ಲು ಬಿಟ್ಟು ಕೂತಳು. "ಯಾಕೆ, ಆ ಊರಾಗೆ ಹಟ್ಟಿ ಇರ್ಲಿಲ್ವಾ?"

"ಸತ್ರದವನು ಜಾಗ ಇಲ್ಲೆ ಅಂದ."

"ಬಸುರಿ ಹೆಂಗಸಿಗೆ ಜಾಗ ಇಲ್ಲೆ ಅಂದನಾ? ಅವನ ಹೆಂಡ್ತಿ ಏನ್ ಮಾಡ್ತಿದ್ಲು? ಆಮೇಲೆ ಅವನ ಹಟ್ಟಿ ಏನಾಯ್ತು?"

ಮಗಳು ನನ್ನ ಕಡೆ ನೋಡಿದಳು. ನಾನು ಗಂಡನ ಕಡೆ ನೋಡಿದೆ. ಅವನು ನನ್ನ ಅತ್ತೆಯ ಕಡೆ. ಬೈಬಲಿನಲ್ಲಿ ಆ ಸಂಗತಿ ಬರೆದಿಲ್ಲ ಎಂದು ಅತ್ತೆ ಒಪ್ಪಿಕೊಂಡರು. ಅವ್ವನಿಗೆ ಸಮಾಧಾನವಾಗಲಿಲ್ಲ. ಒಳಗೆ ಹೋಗಿ, ನನ್ನ ಬಾಣಂತನದಲ್ಲಿ ಮಾಡಿದ್ದಂಥದೇ ಶುಂಠಿ ಬೆಲ್ಲದ ಲೇಹ್ಯ ಕುದಿಸಿ, ಪುಟ್ಟ ಬಟ್ಟಲಲ್ಲಿ ತಂದು ಯೇಸುವಿನ ತಾಯಿ ಮರಿಯಮ್ಮನ ಬೊಂಬೆಯ ಮುಂದಿಟ್ಟಳು.

ಮುಂದಿನ ತೊಡಕು ಕೂಸಿನದು. ಯೇಸುವಿನ ಬೊಂಬೆಯನ್ನು ಹಬ್ಬದ ದಿನವೇ ಇಡಬೇಕು. ಅಲ್ಲಿಯವರೆಗೆ ಕೂಸು ಮಲಗುವ ಗೋದಲಿ ಖಾಲಿ ಇರಬೇಕು ಎಂದು ದೇವದೂತೆಯ ಅಪ್ಪಣೆ. ಖಾಲಿ ತೊಟ್ಟಿಲು ಇಡಬಾರದು ಎಂದು ಅವ್ವ. ನಮ್ಮಲ್ಲಿ ಹೆಸರಿಡುವ ದಿನ ಕೂಸಿಗೆ ಮುಂಚೆ ತೊಟ್ಟಿಲಿಗೆ ಗುಂಡುಕಲ್ಲು ಹಾಕುವುದುಂಟು. ಇಬ್ಬರೂ ವಾದ ಮಾಡಿದ ಹಾಗೆ ಕಾಣಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಮರಿಯಮ್ಮ, ಜೋಸೆಫರು, ಕುರುಬರು, ಮೂವರು ರಾಜರು ಎಲ್ಲರೂ ಏಲಕ್ಕಿ ಕುಟ್ಟುವ ಪುಟ್ಟ ಗುಂಡುಕಲ್ಲಿಗೆ ಕೈ ಮುಗಿದು ನಿಂತಿದ್ದರು. ಕಲ್ಲಿಗೆ ಬಿಳಿ ಬಟ್ಟೆ ಸುತ್ತಿತ್ತು.

ಅತ್ತೆ ಬಂದು ನೋಡಿದರು. ಅತ್ತೆ ವರ್ಷವಿಡೀ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಅವರು ಬಗ್ಗಿ, ಬಟ್ಟೆಯನ್ನು ಸರಿಮಾಡಿ, "ಕೂಸಿಗೆ ಕಾಲು ಚಳಿಯಾಗಬಾರದು" ಎಂದು ತಮಿಳಿನಲ್ಲಿ ಹೇಳಿ ಕಾಫಿ ಕುಡಿಯಲು ಒಳಗೆ ಹೋದರು.

ಸಂಜೆಗೆ ಇನ್ನೊಂದು ಬಾಕಿ ಇತ್ತು. ಮಾಲೆ ಹಾಕಿದವರ ಭಜನೆ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ನಡೆಯುತ್ತದೆ. ನಮ್ಮ ಮನೆಯ ಸರದಿ ಅವತ್ತೇ ಎಂಬುದನ್ನು ಅವ್ವ ಮರೆತಿದ್ದಳು. ಅಪ್ಪ ಮರೆತಿರಲಿಲ್ಲ, ಹೇಳಲು ಮರೆತಿದ್ದರು. ಬೇರೆ ಕಾಲದಲ್ಲಾಗಿದ್ದರೆ ಅವ್ವ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದಳು. ಮಾಲೆ ಹಾಕಿದವರನ್ನು ಹೆಂಡತಿಯೂ ಸಾಮಿ ಎಂದೇ ಕರೆಯಬೇಕು.

"ಸಾಮಿ, ಮೊದಲೇ ಒಂದು ಮಾತು ಹೇಳಾಕೆ ನಿಮಗೆ ಬಾಯಿ ಇರ್ಲಿಲ್ವಾ ಸಾಮಿ?" ಎಂದಳು, ಕೈ ಮುಗಿದುಕೊಂಡೇ.

ದೀಪ ಹಚ್ಚುವ ಹೊತ್ತಿಗೆ ಜಗಲಿ ತುಂಬ ಕಪ್ಪು ಪಂಚೆಗಳು. ಮೇಲೆ ಮಾವ ಕಟ್ಟಿದ ಕಾಗದದ ನಕ್ಷತ್ರ ಕೆಂಪಗೆ ಉರಿಯುತ್ತಿತ್ತು. ಒಳಗೆ ಬಂದ ಗುರುಸಾಮಿ ಕುಡಿಲ್ ಮುಂದೆ ನಿಂತರು. ಗುಡಿಸಲು ನೋಡಿದರು, ಗುಂಡುಕಲ್ಲು ನೋಡಿದರು, ಭಕ್ತಿಯಿಂದ ಕೈ ಮುಗಿದರು.

"ಇದು ಯಾವ ಸಾಮಿ?"

"ಇನ್ನೂ ಹುಟ್ಟಿಲ್ಲ" ಎಂದಳು ಅವ್ವ. "ನಾಳೆ ಬನ್ನಿ."

ಭಜನೆ ಶುರುವಾಯಿತು. ಕುರಿ ಹೋಗಿ ಗುರುಸಾಮಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತು. ಸಾಮಿಗಳು ಒಂದು ಸಾಲು ಹೇಳಿ ಉಸಿರೆಳೆದುಕೊಳ್ಳುವ ಜಾಗದಲ್ಲೆಲ್ಲ ಇವನು "ಮ್ಮೇ" ಎಂದು ತುಂಬುತ್ತಿದ್ದ. ಮೊದಲು ಹಿಂದಿನ ಸಾಲಿನ ಕಾಲೇಜು ಹುಡುಗರು ನಕ್ಕರು. ಆಮೇಲೆ ಅದು ಹಾಡಿನದೇ ಭಾಗವಾಗಿ ಯಾರಿಗೂ ನಗು ಬರಲಿಲ್ಲ. ಮಂಗಳಾರತಿಯಾದ ಮೇಲೆ ಮಗಳು ರೆಕ್ಕೆ ಕಟ್ಟಿಕೊಂಡು ಬಂದು ತಾನೂ ಹಾಡಬೇಕೆಂದಳು. ಶಾಲೆಯಲ್ಲಿ ಕಲಿತ ಕ್ರಿಸ್‌ಮಸ್ ಹಾಡು. ತಾಳ ಹಿಡಿದಿದ್ದವರು ಹಿಡಿದಲ್ಲೇ ಬಾರಿಸಿದರು. ತಾಳ ಭಜನೆಯದೇ, ಹಾಗಾಗಿ ಹಾಡಿನ ವೇಗ ಏರುತ್ತ ಏರುತ್ತ ಕೊನೆಗೆ ದೇವದೂತೆಗೆ ಉಸಿರು ಸಾಲಲಿಲ್ಲ. ಪ್ರಸಾದದ ಕಡಲೆ ಸುಂಡಲಿನ ಜೊತೆ ಎಲ್ಲರಿಗೂ ಅತ್ತೆ ಕೇಕು ಕೊಟ್ಟರು. "ಮೊಟ್ಟೆ?" ಎಂದು ಗುರುಸಾಮಿ ಕೇಳಿದರು. ಅದು ಮೊಟ್ಟೆ ಹಾಕದ್ದು, ಮಾಲೆ ಹಾಕಿದವರಿಗೆಂದೇ ಅತ್ತೆ ಬೇರೆ ಡಬ್ಬದಲ್ಲಿ ತಂದಿದ್ದರು. ನನಗೆ ಹೇಳಿರಲೇ ಇಲ್ಲ.

ಬೆಳಿಗ್ಗೆ ಮಕ್ಕಳು ಎದ್ದಾಗ ಮಗನ ಚಾಪೆಯ ಪಕ್ಕದಲ್ಲಿ ಒಂದು ಪುಟ್ಟ ಹೊರೆ ಹಸಿರು ಹುಲ್ಲು ಇತ್ತು. ಗದ್ದೆಯ ಬದುವಿನದು, ಇಬ್ಬನಿ ಇನ್ನೂ ಆರಿರಲಿಲ್ಲ. ಅವ್ವನ ಹಳೆಯ ಕೆಂಪು ರಿಬ್ಬನ್ನಿನಿಂದ ಕಟ್ಟಿತ್ತು. ಅಂಗಡಿಯಿಂದ ತಂದ ಆಟಿಕೆಗಳ ಡಬ್ಬವನ್ನು ಅವನು ತೆರೆಯಲೂ ಇಲ್ಲ. ಹುಲ್ಲಿನ ಹೊರೆಯನ್ನು ಅಪ್ಪಿಕೊಂಡೇ ಕಾರು ಹತ್ತಿದ. ಉತ್ತಮಪಾಳಯದ ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ಹೊಸ ಬಟ್ಟೆಯ ಮೇಲೆ ಹಾಕಿದ ಹತ್ತಿ ಬನಿಯನ್ನನ್ನೂ ಕೈಯ ಹುಲ್ಲನ್ನೂ ನೋಡಿ, "ಇಷ್ಟು ವರ್ಷದಲ್ಲಿ ಬುತ್ತಿ ಕಟ್ಟಿಕೊಂಡು ಬಂದ ಕುರಿ ಇದೊಂದೇ" ಅಂದರು.

ಬಂದ ಮೇಲೆ ಕುಡಿಲ್‌ನಲ್ಲಿ ಬೊಂಬೆ ಇಟ್ಟೆವು. ಅವ್ವ ಬೆರಳಿನಷ್ಟುದ್ದದ ಯೇಸುವಿನ ಕೈಗೆ ಬಜೆಯ ಚೂರು ಕಟ್ಟಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಆ ಕಪ್ಪು ಏನು ತಿಕ್ಕಿದರೂ ಇವತ್ತಿಗೂ ಹೋಗಿಲ್ಲ.

ಆಮೇಲೆ ಎಲ್ಲರೂ ತೋಟಕ್ಕೆ ಹೋದೆವು. ದ್ರಾಕ್ಷಿ ಚಪ್ಪರದ ಆಚೆ, ಮೋಟರ್ ಕೊಟ್ಟಿಗೆಯ ಹತ್ತಿರ ಮಾವ ಕಲ್ಲೊಲೆ ಹೂಡಿದ್ದರು. ಅಪ್ಪ ಇನ್ನೊಂದು ತುದಿಯಲ್ಲಿ ಹಗ್ಗದ ಮಂಚ ಹಾಕಿಕೊಂಡು, ಮೊಸರನ್ನದ ಡಬ್ಬ ಪಕ್ಕದಲ್ಲಿಟ್ಟು ಕೂತರು. ಆ ಹೊತ್ತಿನಲ್ಲಿ ಗಾಳಿ ಮೂಡಲಿಂದ ಬೀಸುತ್ತಿತ್ತು. ಈರುಳ್ಳಿ ಬೀಳುವಾಗ ಗಾಳಿ ತಿರುಗಿತು. ಅಪ್ಪ ಮಂಚ ಎತ್ತಿಕೊಂಡು ತೆಂಕಲಿಗೆ ಹೋದರು. ಪುದೀನ ಬೀಳುವಾಗ ಗಾಳಿಯೂ ತೆಂಕಲಿಗೆ ಹೋಯಿತು. ಚಪ್ಪರದ ಕೆಳಗಿಂದ ನೋಡಿದರೆ ಒಂದು ಮಂಚ, ಅದರಡಿ ಎರಡು ಕಾಲು, ಅತ್ತಿಂದಿತ್ತ ಓಡಾಡುತ್ತಿರುವುದಷ್ಟೇ ಕಾಣುತ್ತಿತ್ತು.

ಮಾವ ದೇಗುಲೆಯ ಮುಚ್ಚಳ ತೆಗೆದರು. ಆವಿ ಎದ್ದಿತು. ಮೊದಲ ತುತ್ತು ಮೊಮ್ಮಗನಿಗೇ ಕೊಡುವುದು ಅವರ ಪದ್ಧತಿ. ಎಲೆಗೆ ಬಡಿಸಿ, ಮೃದುವಾದ ತುಂಡು ಆರಿಸಿ, ಊದಿ, ಬಾಯಿಯ ಹತ್ತಿರ ತಂದರು.

"ಇದು ಏನು ಕರಿ?" ಎಂದ ಮಗ ತಮಿಳಿನಲ್ಲಿ.

ಮಾವ ಹೆಮ್ಮೆಯಿಂದ ಹೇಳಿದರು: "ಆಟ್ಟುಕ್ಕರಿ."

ಆಟ್ಟುಕ್ಕರಿ ಅಂದರೆ ಆಡಿನ ಮಾಂಸ. ತಮಿಳಿನಲ್ಲಿ ಮೇಕೆಯೂ ಆಡೇ, ಕುರಿಯೂ ಆಡೇ. ಮಗ ತುತ್ತನ್ನು ನೋಡಿದ, ತನ್ನ ಎದೆಯ ಹತ್ತಿಯನ್ನು ನೋಡಿಕೊಂಡ. ಸತ್ಯ ಹೇಳಬೇಕಾದದ್ದು ತನ್ನ ಕರ್ತವ್ಯವೆಂದು ದೇವದೂತೆ ಮುಂದೆ ಬಂದಳು. "ಹೌದು, ನೀನೇ" ಎಂದಳು.

ಅಂಥ ಅಳುವನ್ನು ಆ ತೋಟ ಕೇಳಿರಲಿಕ್ಕಿಲ್ಲ. ಯಾರು ಹಿಡಿದರೂ ನಿಲ್ಲದೆ ಚಪ್ಪರದ ಕೆಳಗೆ ಓಡಿ, ಓಡಾಡುವ ಮಂಚವನ್ನು ಹುಡುಕಿ ಹಿಡಿದು, ಅಪ್ಪನ ತೊಡೆ ಏರಿ ಕೂತ. ನಾನು ಹಿಂದೆ ಓಡಿ ಬರುವಷ್ಟರಲ್ಲಿ ಅಪ್ಪ ಡಬ್ಬ ತೆಗೆದು ಮೊಸರನ್ನ ತಿನ್ನಿಸುತ್ತಿದ್ದರು.

"ಇಲ್ಲಿ ಯಾರೂ ಯಾರನ್ನೂ ತಿನ್ನಲ್ಲ ಸಾಮಿ" ಎನ್ನುತ್ತಿದ್ದರು. "ನೀನು ಭಯ ಬಿಟ್ಟು ಉಣ್ಣು."

ಆ ಕಡೆ ಉಳಿದವರೆಲ್ಲ ಉಂಡೆವು. ಬಿರಿಯಾನಿ ಬಹಳ ಚೆನ್ನಾಗಿತ್ತು. ಅದನ್ನು ಜೋರಾಗಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಾವ ಎಲ್ಲರಿಗೂ ಬಡಿಸಿದರು, ತಾವು ಕೂರಲಿಲ್ಲ. ವರ್ಷವೆಲ್ಲ ಕಾದ ಕೆಲಸ ಅವರದು. ಕಡೆಗೆ ಕೈ ತೊಳೆದು, ಬಾಯಿ ಮುಕ್ಕಳಿಸಿ, ಮಸಾಲೆಯ ಕಲೆಯಾಗಿದ್ದ ಶರಟನ್ನು ಕಳಚಿ ಬೇಲಿಯ ಮೇಲೆ ಹಾಕಿ, ಬರಿಯ ಬನಿಯನ್ನಿನಲ್ಲಿ ಚಪ್ಪರದ ಆಚೆ ನಡೆದರು. ಮೊಮ್ಮಗ ಅವರನ್ನು ಕಂಡು ಅಪ್ಪನ ಗಡ್ಡದೊಳಗೆ ಮುಖ ಹುದುಗಿಸಿದ.

"ಸಮ್ಮಂದಿ..." ಎಂದು, ತಕ್ಷಣ ನಾಲಗೆ ಕಚ್ಚಿಕೊಂಡು, "ಸಾಮಿ," ಎಂದರು ಮಾವ. "ನನಗೂ ಒಂದು ತುತ್ತು ಕೊಡಿ."

ಅಪ್ಪ ಸರಿದು ಜಾಗ ಮಾಡಿಕೊಟ್ಟರು. ಡಬ್ಬದ ಮುಚ್ಚಳದಲ್ಲಿ ಮೊಸರನ್ನ ಹಾಕಿ, ಪಕ್ಕಕ್ಕೆ ಒಂದು ಮಾವಿನ ಮಿಡಿ ಇಟ್ಟರು. ಮಗ ಒಂದು ಕಣ್ಣು ತೆರೆದು ಮಾವ ಏನು ತಿನ್ನುತ್ತಾರೆ ಎಂದು ಪರೀಕ್ಷೆ ಮಾಡಿದ. ಮಾವ ಒಂದು ತುತ್ತು ಬಾಯಿಗಿಟ್ಟು, ಬಿರಿಯಾನಿಯ ಉಪ್ಪು ನೋಡುವಾಗ ಮಾಡುವಂತೆಯೇ ತಲೆ ಓರೆ ಮಾಡಿ ನಿಧಾನವಾಗಿ ಅಗಿದರು.

"ಉಪ್ಪು ಕೊಂಜಂ ಕಮ್ಮಿ" ಎಂದರು. ಸ್ವಲ್ಪ ಕಡಿಮೆಯಂತೆ.

"ವ್ರತ ಮುಗೀಲಿ" ಎಂದರು ಅಪ್ಪ, ಮೊಮ್ಮಗನ ಕಿವಿಗಳನ್ನು ಟೋಪಿಯ ಸಮೇತ ಎರಡೂ ಕೈಯಿಂದ ಮುಚ್ಚಿ. "ಆ ಬಿರಿಯಾನಿ ಇನ್ನೊಂದು ಸಲ ಮಾಡಿ. ವಾಸನೆ ಹಿಡಿದು ಹಿಡಿದು ನನ್ನ ಪ್ರಾಣ ಹೋಯ್ತು."