ಮೇಸ್ತ್ರಿ ಬಿಚ್ಚಿದ ಹೊಲಿಗೆ

ಬಸ್ ಡಿಪೋದ ಹಿಂಭಾಗದಲ್ಲಿ, ಹಳೇ ಟೈರು ಪೇರಿಸಿಟ್ಟ ಗೋಡೆಗೆ ಅಂಟಿಕೊಂಡಂತೆ, ಉದ್ದನೆಯ ಒಂದು ಶೆಡ್ಡಿದೆ. ಬಸ್ಸಿನ ಸೀಟುಗಳಿಗೆ ಹೊದಿಕೆ ಹೊಲಿಯುವ ಜಾಗ ಅದು. ಬ್ಲೇಡಿನಿಂದ ಗೀರಿಸಿಕೊಂಡ ಸೀಟು, ಚೂಯಿಂಗ್ ಗಮ್ ಮೆತ್ತಿಸಿಕೊಂಡ ಸೀಟು, ಹೊಟ್ಟೆಯೊಳಗಿನ ಸ್ಪಂಜು ಹೊರಗೆ ಬಂದ ಸೀಟು, ಎಲ್ಲವೂ ಇಲ್ಲಿಗೆ ಬಂದು ಹೊಸ ರೆಕ್ಸಿನ್ ತೊಟ್ಟು ಹೋಗುತ್ತವೆ. ಊರಿನ ಅರ್ಧ ಜನ ದಿನಾ ಕೂರುವುದು ಈ ಶೆಡ್ಡಿನವರ ಕೆಲಸದ ಮೇಲೆ. ಕೂತವರು ಯಾರೂ ಅದನ್ನು ಯೋಚಿಸಿದ್ದಿಲ್ಲ. ಯೋಚಿಸಬೇಕಾಗಿಯೂ ಇಲ್ಲ ಬಿಡಿ, ಸೀಟು ಚುಚ್ಚದಿದ್ದರೆ ಸಾಕು.

ಮೂವತ್ತೊಂದು ವರ್ಷದಿಂದ ಈ ಶೆಡ್ಡಿಗೆ ಒಬ್ಬರೇ ಮೇಸ್ತ್ರಿ. ಕೈ ಎಷ್ಟು ಚುರುಕೋ ಬಾಯಿ ಅಷ್ಟೇ ಸೋಮಾರಿ. ಎದುರಿಗೆ ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ, ಬೆನ್ನ ಹಿಂದೆ ಗುಮ್ಮನಗುಸಕ ಅನ್ನುತ್ತಾರೆ. ಈ ಹೆಸರಿಟ್ಟವಳು ಅವರ ಹೆಂಡತಿಯೇ. ಮದುವೆ ವಿಷಯ ಮಾತಾಡಲು ಅವಳ ಮನೆಗೆ ಬಂದ ದಿನ ಎರಡು ಗಂಟೆ ಕೂತು ಇವರು ಹೇಳಿದ್ದು ಒಂದೇ ಮಾತಂತೆ: "ಈ ಕುರ್ಚಿ ಹೊಲಿಗೆ ಬಿಟ್ಟಿದೆ." ಅದನ್ನೂ ಅವಳಿಗಲ್ಲ, ಅವಳ ಅಪ್ಪನಿಗೆ. ಮಾರನೇ ದಿನ ದಾರ, ದಬ್ಬಣ ಹಿಡಿದು ಬಂದು ಕುರ್ಚಿ ಸರಿಮಾಡಿಕೊಟ್ಟು ಹೋದರಂತೆ. "ಆಗಲೇ ನನಗೆ ತಿಳಿದುಹೋಯಿತು, ಈ ಮನುಷ್ಯನಿಗೆ ನಾನು ಒಪ್ಪಿಗೆಯಾಗಿದ್ದೀನಿ ಅಂತ," ಎಂದು ಅವಳು ಇಂದಿಗೂ ನಗುತ್ತಾಳೆ.

ಕೆಲಸದಲ್ಲೂ ಮೇಸ್ತ್ರಿಯ ರೀತಿ ಇದೇ. ಯಾರದಾದರೂ ಹೊಲಿಗೆ ಸೊಟ್ಟಗಾದರೆ ಅವರು ಪಿಟ್ಟೆನ್ನುವುದಿಲ್ಲ. ಊಟದ ಹೊತ್ತಿಗೆ ಶೆಡ್ ಖಾಲಿಯಾದಾಗ ಆ ಹೊದಿಕೆಯನ್ನು ಎತ್ತಿಕೊಂಡು, ಜೇಬಿನಲ್ಲಿರುವ ಸಣ್ಣ ಕೊಕ್ಕೆಯಿಂದ ಹೊಲಿಗೆ ಬಿಚ್ಚಿ, ತಾವೇ ಮತ್ತೆ ಹೊಲಿದು, ಮಡಿಸಿ, ಅವರ ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ನಾಲ್ಕು ಜನರ ಮುಂದೆ ಒಬ್ಬರ ತಪ್ಪು ಎತ್ತಿ ಆಡುವುದೆಂದರೆ ಅವರಿಗೆ ಮೈಯೆಲ್ಲ ಮುದುಡಿಕೊಳ್ಳುತ್ತದೆ. ಅವರಿಗೆ ಕೆಲಸ ಕಲಿಸಿದ ಗುರುವೂ ಹಾಗೆಯೇ ಕಲಿಸಿದ್ದು. ತಮ್ಮ ಹೊಲಿಗೆಯ ಮೇಲೆ ಗುರುವಿನ ಹೊಲಿಗೆ ಮೊದಲ ಸಲ ಕಂಡ ದಿನ ಅವರು ಆ ರೆಕ್ಸಿನ್ ತುಂಡನ್ನು ಮನೆಗೆ ಒಯ್ದು ತಾಯಿಗೆ ತೋರಿಸಿದ್ದರು. ಶೆಡ್ಡಿನ ಹಳಬರಿಗೂ ಇದು ಗೊತ್ತು. ಮೇಸ್ತ್ರಿ ಬಿಚ್ಚಿ ಹೊಲಿದರೆಂದರೆ ನಮ್ಮ ಮೇಲೆ ಕಣ್ಣಿದೆ, ಅಕ್ಕರೆಯಿದೆ ಎಂದು ಅವರು ಒಳಗೊಳಗೇ ಬೀಗುತ್ತಾರೆ.

ಹೀಗಿರುವಾಗ ಹಳಬರಲ್ಲಿ ಮೂವರು ನಿವೃತ್ತರಾದರು. ಅವರ ಜಾಗಕ್ಕೆ ಸಮುದ್ರದ ಆಚೆಯ ಒಂದು ದೇಶದಿಂದ ಬಂದ ನಾಲ್ವರು ಸೇರಿದರು. ಎಲ್ಲರೂ ತಮ್ಮ ದೇಶದಲ್ಲಿ ಚರ್ಮದ ಕೆಲಸ ಮಾಡಿ ಕೈ ಪಳಗಿದವರು, ಸಂಜೆಯ ತರಗತಿಗೆ ಹೋಗಿ ಇಲ್ಲಿನ ಮಾತನ್ನೂ ಚೆನ್ನಾಗಿ ಕಲಿತವರು. ಆದರೆ ಎರಡು ತಿಂಗಳಲ್ಲಿ ಮೂವರು, ಒಬ್ಬರ ಹಿಂದೆ ಒಬ್ಬರು, ಹೇಳದೆ ಕೇಳದೆ ಬಿಟ್ಟುಹೋದರು. ಜಗಳವಿಲ್ಲ, ತಕರಾರಿಲ್ಲ. ಒಂದು ಮಧ್ಯಾಹ್ನ ಮೇಜು ಒರೆಸಿ, ಮೇಸ್ತ್ರಿಗೆ ತಲೆಬಾಗಿ ಹೋದವರು ಮರುದಿನ ಬರಲೇ ಇಲ್ಲ.

ಉಳಿದವಳು ಒಬ್ಬಳೇ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ ಇದ್ದಿದ್ದರಿಂದ ಅವಳನ್ನು ಎಲ್ಲರೂ ಉದ್ದಕ್ಕ ಅನ್ನುತ್ತಿದ್ದರು. ಅವಳ ಕೆಲಸ ನೋಡಿ ಮೇಸ್ತ್ರಿಗೂ ಬೆರಗು. ಮೂಲೆ ತಿರುಗಿಸುವಾಗ ರೆಕ್ಸಿನ್ ಅವಳ ಮಾತು ಕೇಳುತ್ತಿತ್ತು.

ಒಂದು ಸೋಮವಾರ ಡಿಪೋ ಮ್ಯಾನೇಜರ್ ಕರೆಸಿದರು.

"ಮೇಸ್ತ್ರಿಯವರೇ, ನಾಲ್ಕು ಜನರನ್ನ ಕೊಟ್ಟೆ, ಮೂರು ಜನ ಹೋದ್ರು. ಏನು ಸಮಾಚಾರ?"

"ಗೊತ್ತಾಗ್ತಿಲ್ಲ ಸಾರ್."

"ನಿಮ್ಮ ಹಳಬರೂ ಇನ್ನೆರಡು ವರ್ಷದಲ್ಲಿ ಮನೆಗೆ ಹೋಗೋರೇ. ಇವಳೂ ಬಿಟ್ಟು ಹೋದ್ರೆ ನಾನು ಶೆಡ್ ಮುಚ್ಚಿ ಕೆಲಸಾನ ಹೊರಗೆ ಕೊಡಬೇಕಾಗುತ್ತೆ. ಮೇಲಿನವರು ಆಗಲೇ ಕೇಳ್ತಿದ್ದಾರೆ."

ಶೆಡ್ ಇಲ್ಲದ ತಮ್ಮನ್ನು ಮೇಸ್ತ್ರಿಗೆ ಊಹಿಸಿಕೊಳ್ಳಲೂ ಆಗಲಿಲ್ಲ. ಉದ್ದಕ್ಕನನ್ನು ಹೇಗಾದರೂ ಉಳಿಸಿಕೊಳ್ಳಬೇಕು, ನೀನು ನಮ್ಮವಳು ಎಂದು ಅವಳಿಗೆ ತಿಳಿಸಬೇಕು ಎಂದು ಗಟ್ಟಿಮನಸ್ಸು ಮಾಡಿದರು. ತಿಳಿಸುವುದು ಹೇಗೆ? ಬಾಯಿಯಂತೂ ಇದ್ದೂ ಇಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ. ಎರಡು ತಿಂಗಳಾದರೂ ಅವಳ ಒಂದು ಹೊಲಿಗೆಯನ್ನೂ ತಾವು ಬಿಚ್ಚಿಲ್ಲವಲ್ಲ ಎಂದು ಅವರಿಗೆ ಆಗ ಹೊಳೆಯಿತು. ಪಾಪ, ಅದಕ್ಕೇ ಹೊರಗಿನವಳ ಹಾಗೆ ಮುಖ ಬಿಗಿದುಕೊಂಡು ಕೂರುತ್ತಾಳೆ ಅಂದುಕೊಂಡರು. ಮೂರು ದಿನ ಅವಳ ಕೆಲಸದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದರು. ಗುರುವಾರ ಕಡೆಗೂ ಒಂದು ಒರಗುದಿಂಬಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸುಕ್ಕು ಸಿಕ್ಕಿತು. ಮೇಸ್ತ್ರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಊಟ ಬಿಟ್ಟು ಕೂತು, ಬಿಚ್ಚಿ, ತಮ್ಮ ಜನ್ಮದ ಅತಿ ಚೆಂದದ ಹೊಲಿಗೆ ಹಾಕಿ ಅವಳ ಮೇಜಿನ ಮೇಲೆ ಇಟ್ಟರು.

ಉದ್ದಕ್ಕ ಊಟ ಮುಗಿಸಿ ಬಂದಳು. ಹೊದಿಕೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೇಜು ಒರೆಸಿ, ಏಪ್ರನ್ ಮಡಿಸಿಟ್ಟು, ಮೇಸ್ತ್ರಿಗೆ ತಲೆಬಾಗಿ ಹೊರಟುಹೋದಳು. ಎಷ್ಟು ಮನಸ್ಸಿಗೆ ತಟ್ಟಿದೆ ನೋಡು ಎಂದು ಮೇಸ್ತ್ರಿ ಒಳಗೇ ಹಿಗ್ಗಿದರು.

ಶುಕ್ರವಾರ ಅವಳು ಬರಲಿಲ್ಲ. ರೆಕ್ಸಿನ್ ಕತ್ತರಿಸುವ ಅಜ್ಜಿ, ಶೆಡ್ಡಿಗೆಲ್ಲ ಹಿರಿಯಳು, ಖಾಲಿ ಮೇಜಿನ ಕಡೆ ಗದ್ದ ಎತ್ತಿ ತೋರಿಸಿದಳು. "ಕತ್ತರಿ ಇಲ್ಲ ಮೇಸ್ತ್ರಿ. ಸ್ವಂತ ಕತ್ತರಿ ತಗೊಂಡು ಹೋದೋರು ವಾಪಸ್ ಬರೋಕೆ ಹೋಗಿರಲ್ಲ."

ಅಂದು ಸಂಜೆ ಮೇಸ್ತ್ರಿ ಹೆಂಡತಿಯನ್ನು ಕರೆದುಕೊಂಡು ಉದ್ದಕ್ಕನ ಮನೆಗೆ ಹೊರಟರು. "ನಾನ್ಯಾಕ್ರೀ?" ಎಂದು ಅವಳು ಕೇಳಿದ್ದಕ್ಕೆ, "ಮಾತಾಡೋಕೆ," ಎಂದರು. ಲಿಫ್ಟು ಕೆಟ್ಟ ಕಟ್ಟಡದ ನಾಲ್ಕನೇ ಮಹಡಿ. ಬಾಗಿಲು ತೆಗೆದ ಉದ್ದಕ್ಕ ಇವರನ್ನು ಕಂಡು ತಬ್ಬಿಬ್ಬಾದಳು. ಆದರೂ ಒಳಗೆ ಕರೆದು, ಮನೆಯಲ್ಲಿದ್ದ ಎರಡೇ ಕುರ್ಚಿಯಲ್ಲಿ ಇಬ್ಬರನ್ನೂ ಕೂರಿಸಿ ತಾನು ನಿಂತಳು. ಮೇಸ್ತ್ರಿಯ ಕುರ್ಚಿಯ ದಿಂಬು ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಅವರ ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು. ಹೆಂಡತಿ ಕೈಮೇಲೆ ಮೆಲ್ಲಗೆ ಒಂದು ಕೊಟ್ಟಳು. "ಕೈ ಸುಮ್ಮನಿರಲಿ. ನೋಡಮ್ಮಾ, ಹೇಳದೇ ಕೇಳದೇ ಕೆಲಸ ಬಿಟ್ಟೆಯಂತೆ. ಇವರು ಬೆಳಗ್ಗೆಯಿಂದ ಸರಿಯಾಗಿ ಊಟಾನೂ ಮಾಡಿಲ್ಲ. ಏನಾಯ್ತು?"

ಉದ್ದಕ್ಕ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು. "ನಾನು ಬಿಡಲಿಲ್ಲ. ಮೇಸ್ತ್ರಿಯವರೇ ಕಳಿಸಿದ್ರಲ್ಲ."

"ನಾನಾ?" ಎಂದರು ಮೇಸ್ತ್ರಿ.

"ನನ್ನ ಹೊಲಿಗೆ ಬಿಚ್ಚಿದ್ರಲ್ಲ. ನಮ್ಮ ಕಡೆ ಮೇಸ್ತ್ರಿ ಕೈಯಾರೆ ಒಬ್ಬರ ಹೊಲಿಗೆ ಬಿಚ್ಚಿದ್ರು ಅಂದ್ರೆ, ನಿನ್ನ ಕೆಲಸ ಇನ್ನು ಸಾಕು ಅಂತ. ಹೋಗು ಅಂತ ಬಾಯಲ್ಲಿ ಹೇಳೋ ಕಷ್ಟ ಅವರಿಗೆ ಕೊಡಬಾರದು. ಮೇಜು ಒರೆಸಿ, ಕತ್ತರಿ ತಗೊಂಡು ಎದ್ದುಬರಬೇಕು. ಅದು ಮರ್ಯಾದೆ."

"ಮತ್ತೆ ತಪ್ಪು ಮಾಡಿದ್ರೆ ಹೇಗೆ ತಿಳಿಸ್ತಾರಮ್ಮಾ?" ಎಂದಳು ಹೆಂಡತಿ.

"ಬೈತಾರೆ. ಇಡೀ ಕಾರ್ಖಾನೆಗೆ ಕೇಳೋ ಹಾಗೆ ಬೈತಾರೆ. ಬೈಸಿಕೊಂಡ ದಿನ ನಾವು ನೆಮ್ಮದಿಯಾಗಿ ಮನೆಗೆ ಹೋಗ್ತೀವಿ. ಇನ್ನೂ ನಮ್ಮನ್ನ ಇಟ್ಕೊಂಡಿದ್ದಾರೆ ಅಂತ ಆಯ್ತಲ್ಲ. ಇಲ್ಲಿ ಎರಡು ತಿಂಗಳಾದ್ರೂ ನೀವು ಒಂದು ಸಲಾನೂ ಬೈಯಲಿಲ್ಲ. ದಿನಾ ಭಯ ಆಗ್ತಿತ್ತು ನನಗೆ."

ಮೇಸ್ತ್ರಿ ಕುರ್ಚಿಯ ತುದಿಗೆ ಸರಿದರು. "ಹಾಗಾದ್ರೆ ಆ ಮೂರು ಜನ..."

"ಅವರನ್ನೂ ನೀವೇ ಕಳಿಸಿದ್ರಿ."

ಮೂವರಿಗೂ ತಾವು ಅಕ್ಕರೆಯಿಂದ ಬಿಚ್ಚಿ ಹೊಲಿದುಕೊಟ್ಟದ್ದು ಅವರಿಗೆ ಒಂದೊಂದಾಗಿ ನೆನಪಾಯಿತು. ಹೋದವರಿಗೆ ನಿಯತ್ತಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡದ್ದೂ ನೆನಪಾಗಿ ನಾಚಿಕೆಯಾಯಿತು. ಕೇಳಿದರು: "ಒಂದು ಸಲ ಕಳಿಸಿದೋರನ್ನ ವಾಪಸ್ ಕರೆಯೋದು ಹೇಗೆ ನಿಮ್ಮ ಕಡೆ?"

"ಗೊತ್ತಿಲ್ಲ. ಯಾರೂ ಕರೆದಿದ್ದೇ ಇಲ್ಲ."

ಮೇಸ್ತ್ರಿ ಎದ್ದು ನಿಂತರು. "ನಾಳೆ ಒಂದು ದಿನ ಬಾ ತಾಯಿ. ಕೆಲಸಕ್ಕೆ ಅಲ್ಲ. ಒಂದು ಹೊಲಿಗೆ ಬಿಚ್ಚೋದಿದೆ, ಅಷ್ಟೇ."

ದಾರಿಯಲ್ಲಿ ಹೆಂಡತಿ, "ಇಷ್ಟು ವರ್ಷ ನನ್ನ ಹತ್ತಿರ ಒಟ್ಟಿಗೆ ಇಷ್ಟು ಮಾತಾಡಿಲ್ಲ ನೀವು," ಎಂದು ಚುಡಾಯಿಸಿದಳು. ಮೇಸ್ತ್ರಿ ತಲೆ ಕೆರೆದುಕೊಂಡರು.

ಶನಿವಾರ ಬೆಳಗ್ಗೆ ಉದ್ದಕ್ಕ ಬಂದಳು. ಕತ್ತರಿಯ ಚೀಲವನ್ನು ಹೆಗಲಿನಿಂದ ಇಳಿಸದೆ ಬಾಗಿಲ ಹತ್ತಿರವೇ ನಿಂತಳು. ಮೇಸ್ತ್ರಿ ತಮ್ಮ ಸ್ಟೂಲನ್ನು ಎತ್ತಿಕೊಂಡು ಹೋಗಿ ಅವಳ ಮೇಜಿನ ಮೇಲೆ ಇಟ್ಟರು. ಮೇಸ್ತ್ರಿಯಾದ ಮೊದಲ ದಿನ ಅವರೇ ಹೊದಿಕೆ ಹೊಲಿದುಕೊಂಡ ಸ್ಟೂಲು. ಅಂದಿನ ನೀಲಿ ರೆಕ್ಸಿನ್ ಕೂತು ಕೂತು ಕಪ್ಪಾಗಿತ್ತು. ಅದನ್ನು ಮುಟ್ಟುವ ಧೈರ್ಯ ಶೆಡ್ಡಿನಲ್ಲಿ ಯಾರಿಗೂ ಇರಲಿಲ್ಲ. ಮೇಸ್ತ್ರಿ ಜೇಬಿನಿಂದ ಕೊಕ್ಕೆ ತೆಗೆದು ಅವಳ ಮುಂದೆ ಹಿಡಿದರು.

"ನನ್ನ ಹೊಲಿಗೆ ಇದು. ಬಿಚ್ಚು."

ಹೊಲಿಗೆ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಉದ್ದಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. "ಬೇಡ ಮೇಸ್ತ್ರಿಯವರೇ. ಬಿಚ್ಚಿದ್ರೆ ನೀವು ಹೋಗಬೇಕಾಗುತ್ತೆ. ಅಂಥ ಮಾತು ಆಡಬಾರದು."

"ಗೊತ್ತಿದ್ದೇ ಕೇಳ್ತಿದ್ದೀನಿ. ನಿನಗೊಬ್ಬಳಿಗೇ ಅಲ್ಲ, ನಾಲ್ಕು ಜನಕ್ಕೆ ಹೀಗೆ ಮಾಡಿದ್ದೀನಿ ನಾನು. ಬಿಚ್ಚು."

ಅವಳು ಕೊಕ್ಕೆ ತೆಗೆದುಕೊಂಡಳು. ಮೊದಲ ಹೊಲಿಗೆ ಟಪ್ಪೆಂದು ಬಿಟ್ಟಾಗ ಮೇಸ್ತ್ರಿಗೆ ಎಲ್ಲೋ ಒಳಗೆ ಚುರುಕ್ಕೆಂದಿತು. ಒಂದು ಬದಿ, ಎರಡು ಬದಿ, ಮೂರು ಬದಿ ಬಿಚ್ಚಿದಳು. ಸ್ಟೂಲನ್ನು ತಿರುವಿಹಾಕಿ ಅಡಿಭಾಗ ನೋಡಿದವಳು ತಟ್ಟನೆ ನಿಂತಳು. ಬಗ್ಗಿ ಹತ್ತಿರದಿಂದ ನೋಡಿದಳು.

"ಇಲ್ಲಿ ಸೊಟ್ಟ ಇದೆ."

ಹೌದು, ಇತ್ತು. ಯಾರ ಕಣ್ಣಿಗೂ ಬೀಳದ ಅಡಿಯ ಅಂಚಿನಲ್ಲಿ ಒಂದು ಗೇಣು ಹೊಲಿಗೆ ಕುಡಿದವನ ಹಾಗೆ ವಾಲಾಡಿಕೊಂಡು ಹೋಗಿತ್ತು. ಮೇಸ್ತ್ರಿಯಾದ ಮೊದಲ ದಿನ, ಕೈ ನಡುಗಿ ಹಾಕಿದ್ದು. ಕತ್ತರಿಸುವ ಅಜ್ಜಿ ಕನ್ನಡಕ ಏರಿಸಿಕೊಂಡು ಬಂದು ನೋಡಿದಳು. "ಮೂವತ್ತೊಂದು ವರ್ಷ ಇದರ ಮೇಲೆ ಕೂತು ಮುಚ್ಚಿಟ್ಟಿದ್ರಾ ಮೇಸ್ತ್ರಿ?"

ಯಾರೋ ಕಿಸಕ್ಕೆಂದರು. ಮೇಸ್ತ್ರಿ ಉದ್ದಕ್ಕನ ಕಡೆ ತಿರುಗಿ, "ನಿಮ್ಮ ಕಡೆ ತಪ್ಪು ಸಿಕ್ಕಿದ್ರೆ ಬೈತಾರೆ ಅಂದೆಯಲ್ಲ. ಬೈಯಿ," ಎಂದರು.

ಅವಳು ಉಸಿರು ಎಳೆದುಕೊಂಡಳು. ಆ ಎತ್ತರಕ್ಕೆ ತಕ್ಕ ದನಿಯೇ ಅವಳಿಗಿತ್ತು ಎಂಬುದು ಶೆಡ್ಡಿಗೆ ಆಗ ಗೊತ್ತಾಯಿತು. "ಏನು ಮೇಸ್ತ್ರಿ ಇದು, ಹೊಲೀವಾಗ ಕಣ್ಣು ಎಲ್ಲಿತ್ತು? ಕಾಲಲ್ಲಿ ಹೊಲಿದ್ರಾ? ಇದನ್ನ ಹೊಲಿಗೆ ಅಂತಾರಾ?"

ಹೊರಗೆ ಟೈರು ಉರುಳಿಸುತ್ತಿದ್ದವರು ಇಣುಕಿ ನೋಡಿದರು. ಶೆಡ್ಡಿಗೆ ಶೆಡ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೈಸಿಕೊಂಡ ಮೇಸ್ತ್ರಿಗೆ ಬೆವರಿತು, ಆದರೆ ಆಶ್ಚರ್ಯವೆಂದರೆ ಪ್ರಾಣವೇನೂ ಹೋಗಲಿಲ್ಲ. ನಗುತ್ತಾ ಅಂದರು: "ಈಗ ನಿನ್ನ ಕೆಲಸಾನೂ ಹೋಯ್ತು, ನನ್ನ ಕೆಲಸಾನೂ ಹೋಯ್ತು. ಇಬ್ಬರೂ ಹೊಸದಾಗಿ ಸೇರಬೇಕು. ಯಾರನ್ನ ಕೇಳೋಣ?"

"ನಾನಿದ್ದೀನಲ್ಲ," ಎಂದಳು ಅಜ್ಜಿ. "ಇಬ್ಬರನ್ನೂ ತಗೊಂಡಿದ್ದೀನಿ. ಎಂಟು ಬಸ್ಸಿನ ಸೀಟು ಬಾಕಿ ಇದೆ, ಹರಟೆ ಆಮೇಲೆ."

ಉದ್ದಕ್ಕ ಚೀಲ ಇಳಿಸಿ ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು. ಮುಂದಿನ ವಾರ ಬಿಟ್ಟುಹೋದವರಲ್ಲಿ ಇಬ್ಬರನ್ನು ತಾನೇ ಹೋಗಿ ಕರೆತಂದಳು. ಮೂರನೆಯವನು ಚಪ್ಪಲಿ ಅಂಗಡಿಯಲ್ಲಿ ನೆಲೆಯಾಗಿಬಿಟ್ಟಿದ್ದ. ಮೇಸ್ತ್ರಿಯೇ ಅವನ ಅಂಗಡಿಗೆ ಹೋಗಿ, ತಪ್ಪಾಯ್ತು ಎನ್ನುವ ಒಂದು ಮಾತಿಗೆ ಕಾಲು ಗಂಟೆ ತಡವರಿಸಿ, ಹೇಳಿಯೇ ಬಂದರು. ಮ್ಯಾನೇಜರಿಗೆ ಇದೆಲ್ಲ ಏನೂ ತಿಳಿಯದು. ತಲೆ ಎಣಿಸಿ ನೋಡಿದರು, ನಿವೃತ್ತರಾದ ಮೂವರ ಜಾಗಕ್ಕೆ ಮೂವರು ಸರಿಯಿತ್ತು, ಶೆಡ್ ಮುಚ್ಚುವ ಮಾತು ಎತ್ತಲಿಲ್ಲ.

ಸ್ಟೂಲಿಗೆ ಉದ್ದಕ್ಕನೇ ಹೊಸ ಹೊದಿಕೆ ಹೊಲಿದಳು. ತಂದಿಟ್ಟ ದಿನ ಮೇಸ್ತ್ರಿ ಕೂರಲು ಹೋದವರು ಅರ್ಧಕ್ಕೇ ನಿಂತರು. ಎಡ ಮೂಲೆಯಲ್ಲಿ ಒಂದು ಸುಕ್ಕು. ಕೈ ಜೇಬಿಗೆ ಹೋಯಿತು, ಕೊಕ್ಕೆಯನ್ನು ಮುಟ್ಟಿತು, ಹಾಗೆಯೇ ವಾಪಸ್ ಬಂತು. ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ತಮ್ಮ ಜೀವಮಾನದಲ್ಲಿ ಮೊದಲ ಬಾರಿ ಅಂದರು:

"ಏನಮ್ಮಾ ಇದು, ಮೂಲೇಲಿ ಸುಕ್ಕು ಬಿಟ್ಟಿದ್ದೀಯಲ್ಲ, ಕಣ್ಣು ಎಲ್ಲಿತ್ತು?"

ಉದ್ದಕ್ಕ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಬೇಕಂತಲೇ ಬಿಟ್ಟಿದ್ದು ಮೇಸ್ತ್ರಿಯವರೇ. ಬಿಚ್ಚುತ್ತೀರೋ ಬೈತೀರೋ ನೋಡೋಣ ಅಂತ."