ಹೆಬ್ಬೆಟ್ಟು ಒತ್ತಿಸದ ನರ್ಸಬಾಯಿ

ಕಾರ್ಬಾಲಿಕ್ ಸಾಬೂನಿನಿಂದ ತೊಳೆದು ತೊಳೆದು ನರ್ಸಬಾಯಿಯವರ ಬೆರಳ ತುದಿಗಳು ಬಿಳಿಚಿ ಸೀಳುಬಿಟ್ಟಿದ್ದವು. ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ದಿನಾ ಬಸ್ಸು ಹಿಡಿದು ತಿಕೋಟಾ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದರು. ಎರಡು ವರ್ಷದ ಕೂಸಿಗೆ ಸೂಜಿ ಚುಚ್ಚುವಾಗಲೂ "ಮುಟ್ಟಲೇನಪ್ಪಾ?" ಎಂದು ಕೇಳುವವರು. ಕೂಸಿಗೇನು ತಿಳಿಯುತ್ತದೆಂದು ನಾವು ನಕ್ಕರೆ, "ಕೇಳೂದು ನಮ್ಮ ಕೆಲಸ," ಎನ್ನುತ್ತಿದ್ದರು.

ತುರ್ತುಪರಿಸ್ಥಿತಿಯ ಕಾಲ. ಬಿ.ಎ. ಓದುತ್ತಿದ್ದ ನಾನು ಕಾಲೇಜಿನ ಚರ್ಚಾಕೂಟದಲ್ಲಿ, ಸಂತಾನ ನಿಯಂತ್ರಣ ಕಡ್ಡಾಯವಾಗಲೇಬೇಕೆಂದು ಗುಡುಗಿ ಮೊದಲ ಬಹುಮಾನ ತಂದೆ. ನರ್ಸಬಾಯಿ ಭಾಷಣವನ್ನು ಪೂರ್ತಿ ಓದಿಸಿ ಕೇಳಿದರು.

"ಛಲೋ ಮಾತಾಡೀದಿ. ನಾಳೆ ಗಂಡಸರ ಆಪರೇಷನ್ ಕ್ಯಾಂಪ್ ಐತಿ. ಹೆಸರು ಬರಕೊಳ್ಳಾಕ ನನ್ನ ಜೋಡಿ ಬಾ."

ಕ್ಯಾಂಪು ಒಂದು ಶಾಲೆಯಲ್ಲಿ ನಡೆದಿತ್ತು. ಜೀಪು ಗಂಡಸರನ್ನು ತಂದು ಇಳಿಸುತ್ತಿತ್ತು. ನರ್ಸಬಾಯಿ ಒಬ್ಬೊಬ್ಬರನ್ನೇ ಬದಿಗೆ ಕರೆದು ವಿಚಾರಿಸಿ, ಒಪ್ಪಿದವರಿಂದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಕಳ್ಳಕವಟಗಿ ಹಳ್ಳಿಯ ಒಬ್ಬ ತರುಣ ಕೈಯನ್ನು ಬಗಲಲ್ಲಿ ಅಡಗಿಸಿಕೊಂಡ.

"ಬಾಯಾರ, ನನಗ ಇನ್ನೂ ಲಗ್ನ ಆಗಿಲ್ರಿ. ಸಂತಿಗೆ ಹೊಂಟಿದ್ದೆ, ಜೀಪಿನ್ಯಾಗ ಹತ್ತಿಸ್ಕೊಂಡು ಬಂದಾರ."

ನನ್ನ ಪೆನ್ನು ನಿಂತಿತು. ಅಷ್ಟರಲ್ಲಿ ಕ್ಯಾಂಪಿನ ಸಾಹೇಬರು ಬಂದರು.

"ಹೆಬ್ಬಟ್ಟು ಹಚ್ಚಸ್ರಿ ಬಾಯಿ. ಇಷ್ಟು ಮಂದಿ ಆಗ್ಲೇಬೇಕಂತ ಮ್ಯಾಲಿಂದ ಹುಕುಂ ಐತಿ."

"ಅವ ಒಲ್ಲೆ ಅಂದಾನ್ರಿ."

"ನಿಮ್ಮ ನೌಕರಿ ಮ್ಯಾಲ ಕಾಳಜಿ ಇಲ್ಲೇನು?"

"ಐತ್ರಿ. ಅದಕ್ಕ ಹಚ್ಚಸೂದಿಲ್ಲ."

ಆ ಕಾಗದವನ್ನು ಹರಿದು, ಹುಡುಗನನ್ನು ರಸ್ತೆಯವರೆಗೆ ಕರೆದೊಯ್ದು, ಬಸ್ಸು ಬರುವ ತನಕ ಅವನ ಪಕ್ಕದಲ್ಲೇ ನಿಂತರು. ಬಿಸಿಲಿಗೆ ಮುಖ ಕೆಂಪಾಗಿತ್ತು. ತಿರುಗಿ ಬಂದು, "ಮುಂದಿನವರನ್ನ ಕರಿ," ಎಂದರು.

ಎಂಟು ದಿನದೊಳಗೆ ದೂರದ ಜಿಲ್ಲೆಗೆ ಅವರ ವರ್ಗವಾಯಿತು. ಮಗಳ ಪರೀಕ್ಷೆ ಹತ್ತಿರವಿದ್ದುದರಿಂದ ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟು ಒಬ್ಬರೇ ಹೊರಟರು. ಸ್ಟೇಷನ್ನಿನಲ್ಲಿ ನಾನು, "ಬಾಯಾರ, ಕಾಲೇಜಿನ್ಯಾಗ ನಾ ಮಾತಾಡಿದ್ದು ತಪ್ಪಾತ್ರಿ," ಎಂದೆ.

"ನನಗ್ಯಾಕ ಹೇಳ್ತಿ ಬೇ? ನಿನ್ನ ಭಾಷಣ ಕೇಳಿದವರಿಗೆ ಹೇಳು."

ಅವರು ಮತ್ತೆ ಈ ಊರಿಗೆ ವರ್ಗವಾಗಿ ಬರಲೇ ಇಲ್ಲ. ನಿವೃತ್ತರಾಗಿ ಅಲ್ಲೇ ತೀರಿಕೊಂಡರೆಂದು ಮಗಳು ಪತ್ರ ಬರೆದಳು. ಆದರೆ ಅವರು ರೈಲು ಹತ್ತಿದ ಮೂರನೆಯ ದಿನವೇ ನಾನು ಅದೇ ಚರ್ಚಾಕೂಟದಲ್ಲಿ ಎದ್ದು ನಿಂತು, ನಾನು ಗೆದ್ದ ವಾದ ತಪ್ಪೆಂದೂ, ಕ್ಯಾಂಪಿನಲ್ಲಿ ನನ್ನ ಕಣ್ಣಾರೆ ಕಂಡದ್ದು ಇದೆಂದೂ ಹೇಳತೊಡಗಿದೆ. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಹೊರಗೆ ನಡೆದರು. ಅಧ್ಯಕ್ಷತೆ ವಹಿಸಿದ್ದ ಪ್ರಾಧ್ಯಾಪಕರು ಮೇಜಿನ ಗಂಟೆ ಬಾರಿಸಿದರು, ಮತ್ತೆ ಬಾರಿಸಿದರು. ನಾನು ಮಾತು ಮುಗಿಸಿಯೇ ಇಳಿದೆ.